ಅಡಿಕೆ ಚಪ್ಪರಕ್ಕೊಂದು ಕ್ಯಾಸೆಟ್: 2024ರಲ್ಲಿ ನಂಗೆ ಇಷ್ಟ ಆದ ಇಂಡೀ ಹಾಡುಗಳು

ಡಿಸೆಂಬರ್ ಕೊನೆ ವಾರ, ಶಿವಮೊಗ್ಗ

ಈ ಸಲ ವರ್ಷದ ಇಂಡೀ ಹಾಡುಗಳ, ಅಂದ್ರೆ ದೊಡ್ಡ ಮ್ಯೂಸಿಕ್ ಕಂಪನಿಗಳ ಹಂಗಿಲ್ಲದೆ ಬರೋ ಹಾಡುಗಳ ಪ್ಲೇಲಿಸ್ಟನ್ನ ಲಿಂಕ್ ಮಾಡಿ ಕಳಿಸ್ತಾ ಇಲ್ಲ, ಕ್ಯಾಸೆಟ್ ಮಾಡ್ತಾ ಇದೀನಿ. ಹೌದು ಕ್ಯಾಸೆಟ್ಟೇ, ಅರವತ್ತು ನಿಮಿಷದ್ದು, ಎ ಸೈಡ್ ಬಿ ಸೈಡ್ ಎರಡೂ ಇರೋದು. ಯಾರಿಗೆ ಹಾಡು ಕೇಳಿಸ್ಬೇಕು ಅಂತ ನಂಗೆ ಜಾಸ್ತಿ ಆಸೆನೋ ಅವರಿರೋದು ಹೊಸನಗರ ತಾಲ್ಲೂಕಿನ ಒಂದು ಮೂಲೇಲಿ, ಚಿಕ್ಕಮ್ಮನ ಮನೇಲಿ, ಅಲ್ಲಿ ನೆಟ್‌ವರ್ಕ್ ಬೇಕಂದ್ರೆ ಮನೆ ಹಿಂದಿನ ಗುಡ್ಡ ಹತ್ಬೇಕು, ಹತ್ತಿದ್ರೂ ಒಂದು ಮೆಸೇಜ್ ಹೋದ್ರೆ ಪುಣ್ಯ, ಹಾಡು ಸ್ಟ್ರೀಮ್ ಆಗೋ ಮಾತೇ ಇಲ್ಲ. ಆದ್ರೆ ಅಲ್ಲೊಂದು ಹಳೇ ಟೂ ಇನ್ ಒನ್ ಇದೆ, ರೇಡಿಯೋ, ಕ್ಯಾಸೆಟ್ ಪ್ಲೇಯರ್ ಎರಡೂ ಒಂದರಲ್ಲೇ ಇರೋದು. ಕೊಯ್ಲಿನ ಟೈಮಲ್ಲಿ ರಾತ್ರಿ ಊಟ ಮುಗಿಸಿ ಚಪ್ಪರದಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯೋ ಹತ್ತು ಹನ್ನೆರಡು ಜನ ಇದಾರೆ. ಕೈಗೆ ಬಿಡುವಿಲ್ಲ, ಕಿವಿಗೆ ಬಿಡುವಿದೆ, ಮಧ್ಯದಲ್ಲಿ ಎದ್ದು ಹಾಡು ಬದಲಾಯಿಸೋರು ಯಾರೂ ಇಲ್ಲ. ಇದಕ್ಕಿಂತ ಒಳ್ಳೆ ಕೇಳುಗರು ನಂಗೆ ಎಲ್ಲೂ ಸಿಗಲ್ಲ.

ಒಂದು ಹಾಡು ಚೆನ್ನಾಗಿದೆ ಕೇಳಿ ಅಂತ ಹೇಳೋನು ಅದು ಕೇಳಿಸೋ ಜಾಗದವರೆಗೂ ಹೊತ್ಕೊಂಡು ಹೋಗ್ಬೇಕು ಅನ್ನೋದು ನನ್ನ ನಂಬಿಕೆ. ಯಾರು ಕೇಳ್ತಾರೆ, ಯಾವ ಸ್ಪೀಕರಲ್ಲಿ, ಸುತ್ತ ಏನು ಸದ್ದಿದೆ, ಹಿಂದೆ ಮುಂದೆ ಯಾವ ಹಾಡಿದೆ, ಇಷ್ಟೂ ಯೋಚ್ನೆ ಮಾಡಿದ ಮೇಲೇನೇ ಆಯ್ಕೆ.

ಜನವರಿ ಮೊದಲ ವಾರ

ಮೊದಲು ಮಶಿನ್ ಕೆಲಸ. ಟೂ ಇನ್ ಒನ್ ಒಳಗಿನ ರಬ್ಬರ್ ಬೆಲ್ಟ್ ಕರಗಿ ಡಾಂಬರ್ ಥರ ಆಗಿತ್ತು, ಗಾಂಧಿ ಬಜಾರ್ ಹತ್ರ ಒಬ್ರು ರಿಪೇರಿಯವರು ಹೊಸ ಬೆಲ್ಟ್ ಹಾಕ್ಕೊಟ್ರು, ಅವರ ಹತ್ರಾನೇ ಸೀಲ್ ಇನ್ನೂ ಒಡೆಯದ ಖಾಲಿ ಕ್ಯಾಸೆಟ್ಟೂ ಸಿಕ್ತು. ಟೇಪನ್ನ ಓದೋ ಹೆಡ್ ಮೇಲೆ ವರ್ಷಗಳ ಕಂದು ಪುಡಿ ಕೂತಿತ್ತು, ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಹತ್ತಿ ಅದ್ದಿ ಒರೆಸಿದ ಕೂಡ್ಲೆ ಮೇಲಿನ ಸ್ವರಗಳು ವಾಪಸ್ ಬಂದ್ವು. ರೆಕಾರ್ಡಿಂಗ್ ಮಾತ್ರ ಫ್ರೆಂಡ್ ಮನೆಯ ಕ್ಯಾಸೆಟ್ ಡೆಕ್‌ನಲ್ಲಿ, ಲ್ಯಾಪ್‌ಟಾಪಿಂದ ಲೈನ್ ಇನ್‌ಗೆ ವೈರ್ ಹಾಕಿ. ಟೇಪಿನ ಸ್ಸ್ ಸದ್ದು ಕಮ್ಮಿ ಮಾಡೋ ಡಾಲ್ಬಿಯನ್ನ ಆಫ್ ಇಟ್ಟಿದೀನಿ, ಯಾಕಂದ್ರೆ ಚಿಕ್ಕಮ್ಮನ ಟೂ ಇನ್ ಒನ್‌ನಲ್ಲಿ ಡಾಲ್ಬಿ ಇಲ್ಲ, ಡಾಲ್ಬಿ ಹಾಕಿ ರೆಕಾರ್ಡ್ ಮಾಡಿದ್ದನ್ನ ಅದರಲ್ಲಿ ಹಾಕಿದ್ರೆ ಸದ್ದು ಚುಚ್ಚೋ ಹಾಗೆ ಕೇಳುತ್ತೆ.

ಕ್ಯಾಸೆಟ್ ಬಗ್ಗೆ ಗೊತ್ತಿರಬೇಕಾದ್ದು ಅಂದ್ರೆ ಅದರ ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ ಓಡುತ್ತೆ, ಅದಕ್ಕೇ ಹಿಂದೆ ಯಾವಾಗ್ಲೂ ಒಂದು ಸ್ಸ್ ಅನ್ನೋ ಸದ್ದು ಇದ್ದೇ ಇರುತ್ತೆ. ತುಂಬಾ ಮೆಲ್ಲಗಿನ ಹಾಡು ಹಾಕಿದ್ರೆ ಆ ಸದ್ದಲ್ಲಿ ಮುಳುಗುತ್ತೆ, ನೆಲ ನಡುಗಿಸೋ ಬೇಸ್ ಇರೋ ಹಾಡು ಹಾಕಿದ್ರೆ ಆ ಚಿಕ್ಕ ಸ್ಪೀಕರಲ್ಲಿ ಅರ್ಧ ಹಾಡು ಕೇಳೋದೇ ಇಲ್ಲ. ಹೀಗಾಗಿ ವರ್ಷ ಪೂರ್ತಿ ಹೆಡ್‌ಫೋನಲ್ಲಿ ಕೇಳಿ ಖುಷಿ ಪಟ್ಟಿದ್ದ ಎಲೆಕ್ಟ್ರಾನಿಕ್ ಹಾಡುಗಳೆಲ್ಲ ಲಿಸ್ಟಿಂದ ಹೊರಗೆ ಹೋದ್ವು.

ಅದೇ ವಾರ, ರಾತ್ರಿ

ಎ ಸೈಡಿನ ಮೊದಲ ಹಾಡು ಯಾವುದು ಅನ್ನೋದರಲ್ಲಿ ನಂಗೆ ಅನುಮಾನ ಇರ್ಲಿಲ್ಲ. ಮ್ದೂ ಮೊಕ್ತಾರ್ ಅನ್ನೋ ಗಿಟಾರಿಸ್ಟ್, ಆಫ್ರಿಕಾದ ನೈಜರ್ ದೇಶದ ತ್ವಾರೆಗ್ ಸಮುದಾಯದೋರು. ಮೇ 2024ರಲ್ಲಿ ಬಂದ 'ಫ್ಯುನರಲ್ ಫಾರ್ ಜಸ್ಟಿಸ್' ಆಲ್ಬಮ್ಮಿನ 'ಇಮೂಹಾರ್' ಹಾಡು. ಅವರು ಹಾಡೋದು ತಮಾಷೆಕ್ ಭಾಷೇಲಿ, ಈ ಹಾಡು ಹೇಳೋದೂ ಅದನ್ನೇ, ನಮ್ಮ ಭಾಷೆ ಬಿಡಬೇಡಿ ಅಂತ ತಮ್ಮ ಜನಕ್ಕೆ ಹೇಳ್ತಾರೆ. ಶುರುವಾಗೋದು ನಿಧಾನಕ್ಕೆ, ಆಮೇಲೆ ಗಿಟಾರ್ ಎಲ್ಲೆಲ್ಲಿಗೋ ಹಾರುತ್ತೆ. ಚಿಕ್ಕ ವಯಸ್ಸಲ್ಲಿ ಸೈಕಲ್ ಬ್ರೇಕ್ ವೈರನ್ನೇ ತಂತಿ ಮಾಡಿ ತಾನೇ ಗಿಟಾರ್ ಕಟ್ಕೊಂಡ ಮನುಷ್ಯ ಇವರು.

ನಂಗೆ ಇನ್ನೂ ಹತ್ರ ಆಗೋ ವಿಷ್ಯ ಅಂದ್ರೆ ಇವರ ಹಾಡು ಮೊದಲು ಹರಡಿದ ರೀತಿ. ಅಲ್ಲೂ ಇಂಟರ್‌ನೆಟ್ ಸರಿ ಇರ್ಲಿಲ್ಲ. ಜನ ಮೊಬೈಲಿನ ಮೆಮೊರಿ ಕಾರ್ಡಲ್ಲಿ ಹಾಡು ಇಟ್ಕೊಂಡು ಬ್ಲೂಟೂತಲ್ಲಿ ಒಬ್ರಿಂದ ಒಬ್ರಿಗೆ ಕೊಡ್ತಾ ಮರುಭೂಮಿ ಪೂರ್ತಿ ದಾಟಿಸಿದ್ರು. ಹಾಗೆ ಫೋನ್‌ಗಳಲ್ಲಿ ಓಡಾಡ್ತಿದ್ದ ಹಾಡುಗಳನ್ನ ಹುಡುಕಿ ತೆಗೆದು ಸಹೇಲ್ ಸೌಂಡ್ಸ್ ಅನ್ನೋ ಲೇಬಲ್ ಒಂದು ಸಂಗ್ರಹಾನೇ ತಂತು, ಅದರಲ್ಲಿ ಮ್ದೂ ಮೊಕ್ತಾರ್ ಇದ್ರು, ಹೊರಗಿನ ಜಗತ್ತಿಗೆ ಅವರು ಗೊತ್ತಾಗಿದ್ದು ಹಾಗೆ. ನಮ್ಮಲ್ಲೂ ಸಾಗರ, ತೀರ್ಥಹಳ್ಳಿ ಪೇಟೆಗೆ ಹೋದೋರು ಮೊಬೈಲ್ ಅಂಗಡೀಲಿ ದುಡ್ಡು ಕೊಟ್ಟು ಮೆಮೊರಿ ಕಾರ್ಡಿಗೆ ಹಾಡು ಹಾಕಿಸ್ಕೊಂಡು ಬರ್ತಿದ್ರಲ್ಲ, ಅದೇ ದಾರಿ. ಈ ಆಲ್ಬಮ್ಮಿನ ಅಕೌಸ್ಟಿಕ್ ಆವೃತ್ತಿ 'ಟಿಯರ್ಸ್ ಆಫ್ ಇನ್‌ಜಸ್ಟಿಸ್' ಅಂತ 2025ರ ಫೆಬ್ರವರಿ ಕೊನೆಗೆ ಬರೋದಿತ್ತು, ಕಾಯ್ತಾ ಇದ್ದೆ.

ಸಂಕ್ರಾಂತಿಗೆ ಮುಂಚೆ

ಎರಡನೇ ಹಾಡಿಗೆ ಸಿಂಡಿ ಲೀ. ಕೆನಡಾದ ಪ್ಯಾಟ್ರಿಕ್ ಫ್ಲೆಗೆಲ್ ಈ ಹೆಸರಲ್ಲಿ ಹಾಡ್ತಾರೆ. ಮಾರ್ಚ್ ಕೊನೆಗೆ 'ಡೈಮಂಡ್ ಜುಬಿಲಿ' ಅಂತ 32 ಹಾಡಿನ, ಎರಡು ಗಂಟೆಯ ಆಲ್ಬಮ್ ಬಿಟ್ರು, ಸ್ಪಾಟಿಫೈಗೆ ಕೊಡ್ಲೇ ಇಲ್ಲ. ಯೂಟ್ಯೂಬಲ್ಲಿ ಒಂದೇ ಉದ್ದ ವಿಡಿಯೋ, ಇಲ್ಲಾಂದ್ರೆ ತೊಂಬತ್ತರ ದಶಕದ್ದು ಅನ್ನಿಸೋ ಒಂದು ಸಾದಾ ವೆಬ್‌ಸೈಟಿಂದ ಡೌನ್‌ಲೋಡ್, ಮನಸ್ಸಿದ್ರೆ 30 ಕೆನಡಾ ಡಾಲರ್ ಕೊಡಿ ಅಂತ ಒಂದು ಸಾಲು, ಅಷ್ಟೇ. ಆಮೇಲೆ ಅಕ್ಟೋಬರಲ್ಲಿ, ಹಾಡಿದೋರೇ ಕೇಳೋರಿಗೆ ನೇರ ಮಾರೋ ಬ್ಯಾಂಡ್‌ಕ್ಯಾಂಪ್ ಅನ್ನೋ ಸೈಟಿಗೂ ಬಂತು. ಜಾಹೀರಾತು ಇಲ್ಲ, ಏನಿಲ್ಲ, ಕೇಳಿದೋರು ಕೇಳಿದೋರಿಗೆ ಹೇಳ್ತಾ ಹೇಳ್ತಾ ವರ್ಷದ ಒಳ್ಳೇ ಆಲ್ಬಮ್‌ಗಳ ಪಟ್ಟಿಗಳಲ್ಲೆಲ್ಲ ಸೇರ್ಕೊಳ್ತು. ನಾನು ತಗೊಂಡಿದ್ದು 'ಆಲ್ ಐ ವಾಂಟ್ ಈಸ್ ಯೂ'. ಅದರ ಸೌಂಡೇ ಹೇಗಿದೆ ಅಂದ್ರೆ, ಮಳೆಗಾಲದ ರಾತ್ರಿ ಭದ್ರಾವತಿ ಆಕಾಶವಾಣಿ ಹಿಡಿಯೋಕೆ ಹೋಗಿ ದೂರದ ಯಾವುದೋ ಸ್ಟೇಷನ್ ಸಿಕ್ಕಿದಾಗ ಬರೋ ಹಾಡಿನ ಥರ. ಕ್ಯಾಸೆಟ್ಟಿಗೆ ಹಾಕಿದ್ರೆ ಏನೂ ಕಮ್ಮಿ ಆಗಲ್ಲ, ಇನ್ನೂ ಚೆಂದ ಆಗುತ್ತೆ. ಹಾಕಿ ನೋಡಿದೆ, ಆಯ್ತು ಕೂಡ.

ಆಮೇಲೆ ಅಮೆರಿಕದ ಗಾಯಕಿ ವಾಕ್ಸಹ್ಯಾಚೀ ಅವರ 'ರೈಟ್ ಬ್ಯಾಕ್ ಟು ಇಟ್', ಬ್ಯಾಂಜೋ ಇರೋ ಹಾಡು, ತುಂಬಾ ದಿನದ ಪ್ರೀತಿ ಬಗ್ಗೆ. ಅದರಲ್ಲಿ ಜೊತೆ ದನಿ ಕೊಟ್ಟಿರೋ ಎಂ.ಜೆ. ಲೆಂಡರ್‌ಮನ್ ಅವರದೇ 'ಶೀ ಈಸ್ ಲೀವಿಂಗ್ ಯೂ' ಪಕ್ಕದಲ್ಲಿ ಇಟ್ಟಿದೀನಿ, ಒಂದು ಹಾಡಲ್ಲಿ ಹಿಂದೆ ಕೇಳಿದ ದನಿ ಮುಂದಿನ ಹಾಡಲ್ಲಿ ಎದುರಿಗೆ ಬಂದು ನಿಲ್ಲುತ್ತೆ. ಲೆಂಡರ್‌ಮನ್ ಅಮೆರಿಕದ ನಾರ್ತ್ ಕೆರೊಲಿನಾದ ಆಶ್‌ವಿಲ್ ಅನ್ನೋ ಬೆಟ್ಟದ ಊರಿನೋರು. ಸೆಪ್ಟೆಂಬರ್ ಮೊದಲ ವಾರ ಅವರ ಆಲ್ಬಮ್ ಬಂತು, ಅದೇ ತಿಂಗಳ ಕೊನೆಗೆ ಹೆಲೀನ್ ಚಂಡಮಾರುತದ ಮಳೆಗೆ ಆ ಊರಿನ ನದಿ ಪಕ್ಕದ ಭಾಗಗಳು ನೀರಲ್ಲಿದ್ವು. ಗುಡ್ಡ ಜರಿಯೋದು, ರಸ್ತೆ ಕೊಚ್ಚಿ ಹೋಗೋದು, ಅಲ್ಲಿನ ಫೋಟೋ ನೋಡಿದ್ರೆ ನಮ್ಮ ಕಡೆಯೋರಿಗೆ ವಿವರಿಸಿ ಹೇಳೋದೇ ಬೇಡ. ಅಲ್ಲಿನ ಪರಿಹಾರಕ್ಕೆ ಅಂತ ನೂರಕ್ಕೂ ಹೆಚ್ಚು ಹಾಡುಗಳ ಒಂದು ಸಂಗ್ರಹ ಬ್ಯಾಂಡ್‌ಕ್ಯಾಂಪಲ್ಲಿ ಬಂತು, 'ಕಾರ್ಡಿನಲ್ಸ್ ಅಟ್ ದಿ ವಿಂಡೋ' ಅಂತ, ತಗೊಳ್ಳೋಕೆ ಆಗೋರು ತಗೊಳ್ಳಿ.

ಸಂಕ್ರಾಂತಿ ಆದ್ಮೇಲೆ, ಹೊಸನಗರ ಕಡೆ

ಎ ಸೈಡ್ ಚಪ್ಪರದಲ್ಲಿ ಹಾಕಾಯ್ತು.

'ಇಮೂಹಾರ್' ಶುರು ಆದಾಗ ಮಾತು ನಡೀತಾನೇ ಇತ್ತು, ಯಾರದೋ ಮಗಳ ಮದುವೆ ವಿಷ್ಯ, ಈ ಸಲ ರಾಶಿ ಇಡಿ ಅಡಿಕೆಗೆ ಎಷ್ಟು ರೇಟ್ ಆಗ್ಬಹುದು ಅನ್ನೋದು. ಗಿಟಾರ್ ಜೋರಾದಾಗ ಕತ್ತಿಯ ಸದ್ದೂ ಜೋರಾಯ್ತು, ನಾನು ಊಹೆ ಮಾಡ್ತಾ ಇಲ್ಲ, ಎಲ್ಲರ ಕೈ ನಿಜವಾಗ್ಲೂ ಬಿರುಸಾಯ್ತು. ಚಿಕ್ಕಮ್ಮ ತಲೆ ಎತ್ತದೇ ಕೇಳಿದ್ರು, 'ಎಂತ ಭಾಷೆ ಮಾರಾಯ ಇದು?' ತಮಾಷೆಕ್ ಅಂದೆ. ಮರುಭೂಮಿ ಜನ, ತಮ್ಮ ಭಾಷೆ ಉಳಿಸ್ಕೊಳ್ಳಿ ಅಂತ ಹಾಡ್ತಾ ಇದಾರೆ ಚಿಕ್ಕಮ್ಮ ಅಂದೆ. 'ಹಂಗಾದ್ರೆ ಸುಮ್ನೆ ಇರಿ ಎಲ್ಲ, ಕೇಳ್ವ' ಅಂದ್ರು. ಮುಗಿದ ಮೇಲೆ ಹಿಂದಕ್ಕೆ ಸುತ್ತಿ ಇನ್ನೊಂದ್ಸಲ ಹಾಕಿಸಿದ್ರು.

ಲೆಂಡರ್‌ಮನ್ ಹಾಡು ಯಾರಿಗೂ ಅಷ್ಟು ತಾಗ್ಲಿಲ್ಲ. ಅದರ ಜೀವ ಇರೋದು ಸಾಹಿತ್ಯದಲ್ಲಿ, ಇಂಗ್ಲಿಷ್ ಗೊತ್ತಿಲ್ದೋರಿಗೆ ಉಳಿಯೋದು ಗಿಟಾರ್ ಮಾತ್ರ. ನಂಗೆ ಆ ಹಾಡು ಇವತ್ತಿಗೂ 2024ರ ಅತಿ ಇಷ್ಟದ ಐದರಲ್ಲಿ ಒಂದು, ಆದ್ರೆ ಈ ಕ್ಯಾಸೆಟ್ಟಲ್ಲಿ ಅದರ ಜಾಗ ಬೇರೆಯದಕ್ಕೆ ಕೊಡ್ತೀನಿ. ಸಿಂಡಿ ಲೀ ಬಂದಾಗ ಮಾವ, 'ಇದು ಹಳೇ ಹಾಡಲ್ವನಾ, ನಾನು ಎಲ್ಲೋ ಕೇಳಿದೀನಿ' ಅಂದ್ರು. ಹೋದ ಮಾರ್ಚಲ್ಲಿ ಬಂದಿದ್ದು ಮಾವ ಅಂದ್ರೆ ಒಪ್ಲೇ ಇಲ್ಲ.

ಜನವರಿ ಕೊನೆ

ಲೆಂಡರ್‌ಮನ್ ಜಾಗಕ್ಕೆ ಡೆಲ್ಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ ಬ್ಯಾಂಡ್ ಬಂತು, ಆಗಸ್ಟಲ್ಲಿ ಬಂದ 'ಬೀಟಾ' ಆಲ್ಬಮ್ಮಿನ 'ಪೀಪಲ್ ನೆವರ್ ಚೇಂಜ್'. ಕುಣಿಸೋ ಲಯ ಇದೆ, ಚಪ್ಪರಕ್ಕೆ ಅದೇ ಬೇಕು.

ಬಿ ಸೈಡ್ ನಿಧಾನದ್ದು. ಅಷ್ಟೊತ್ತಿಗೆ ರಾತ್ರಿ ಹತ್ತು ದಾಟಿರುತ್ತೆ, ಮಾತೂ ಕಮ್ಮಿ ಆಗಿರುತ್ತೆ. ಜೆಸಿಕಾ ಪ್ರ್ಯಾಟ್ ಅವರ 'ಲೈಫ್ ಈಸ್' ಇಂದ ಶುರು. ಅವರ 'ಹಿಯರ್ ಇನ್ ದಿ ಪಿಚ್' ಆಲ್ಬಮ್ ಪೂರ್ತಿ ಸೇರಿದ್ರೂ 27 ನಿಮಿಷ, ಅರವತ್ತರ ಕ್ಯಾಸೆಟ್ಟಿನ ಒಂದು ಸೈಡಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ, ಅದನ್ನ ಬೇರೆ ಕ್ಯಾಸೆಟ್ಟಲ್ಲಿ ಪೂರ್ತಿ ಹಾಕಿ ನಂಗೇ ಇಟ್ಕೊಂಡಿದೀನಿ. ಅದಾದ್ಮೇಲೆ ಏಡ್ರಿಯನ್ ಲೆಂಕರ್, 'ಸ್ಯಾಡ್ನೆಸ್ ಆ್ಯಸ್ ಎ ಗಿಫ್ಟ್'. ಕಾಡೊಳಗಿನ ಒಂದು ಸ್ಟುಡಿಯೋದಲ್ಲಿ ಗೆಳೆಯರ ಜೊತೆ ಕೂತು ಟೇಪಿಗೇ ರೆಕಾರ್ಡ್ ಮಾಡಿದ ಆಲ್ಬಮ್ ಅದು, ಪಿಟೀಲು, ಪಿಯಾನೋ, ಗಿಟಾರ್, ಎಲ್ಲರೂ ಒಟ್ಟಿಗೆ ಹಾಡೋದು, ಕೋಣೆಯ ಗಾಳಿ ಸಮೇತ ಕೇಳುತ್ತೆ. ಟೇಪಿಂದ ಬಂದಿದ್ದು ವಾಪಸ್ ಟೇಪಿಗೇ ಹೋಯ್ತು. ಇದಕ್ಕೆ ರೆಕಾರ್ಡಿಂಗ್ ಲೆವೆಲ್ ಸ್ವಲ್ಪ ಜಾಸ್ತಿ ಕೊಟ್ಟೆ, ಮೀಟರಿನ ಮುಳ್ಳು ಆಗಾಗ ಕೆಂಪು ಮುಟ್ಟೋ ಹಾಗೆ, ಆಗ ಆ ಸ್ಸ್ ಸದ್ದು ಹಾಡಿನ ಕೆಳಗೆ ಉಳಿಯುತ್ತೆ.

ಅದರ ನಂತರ ನಮ್ಮೂರ ಹಾಡು. ತೀರ್ಥಹಳ್ಳಿ ಕಡೆ ಕಾಲೇಜ್ ಓದೋ ಒಬ್ಬ ಹುಡುಗಿ ಹೋದ ಜುಲೈ ಮಳೇಲಿ ಮನೇಲೇ ಕೂತು ಫೋನಲ್ಲಿ ರೆಕಾರ್ಡ್ ಮಾಡಿದ್ದು, ಗಿಟಾರ್ ಮತ್ತೆ ದನಿ ಅಷ್ಟೇ, ಹಿಂದೆ ಹಂಚಿನ ಮೇಲೆ ಬೀಳೋ ಮಳೆ. ಹೆಸರು ಹಾಕಬೇಡಿ ಅಂದಿದಾಳೆ, ಹಾಕಲ್ಲ. ಕರೆಂಟ್ ಇಲ್ಲದ ಮೂರು ದಿನದ ಬಗ್ಗೆ ಕನ್ನಡದಲ್ಲಿ ಬರೆದಿರೋ ಹಾಡು, ಎಲ್ಲೂ ದುಃಖ ತೋರ್ಸಕ್ಕೆ ಹೋಗಲ್ಲ, ಅಕ್ಕಿ ರೊಟ್ಟಿ ತಟ್ಟೋದರಿಂದ ಹಿಡಿದು ಚಿಮಣಿ ಒರೆಸೋವರೆಗೂ ಬರೀ ಕೆಲಸದ ಹೆಸರುಗಳೇ, ಕೊನೆಗೆ ಬಂದಾಗ ಗಂಟಲು ಕಟ್ಟುತ್ತೆ. ಇದನ್ನ ಸ್ಪಾಟಿಫೈಗೆ ಹಾಕು ಅಂತ ಅವಳಿಗೆ ಹೇಳೋರು ತುಂಬಾ ಜನ, ಹಾಕ್ಲಿ, ಆದ್ರೆ ವರ್ಷಕ್ಕೆ ಸಾವಿರ ಸಲ ಕೇಳಿಸ್ಕೊಳ್ಳದ ಹಾಡಿಗೆ 2024ರಿಂದ ಅಲ್ಲಿ ಒಂದು ಪೈಸೆನೂ ಬರಲ್ಲ. ಬ್ಯಾಂಡ್‌ಕ್ಯಾಂಪಲ್ಲಿ ಮಾರಿದ್ರೆ ಡಿಜಿಟಲ್ ಹಾಡಿಗೆ ಅವರು ಹಿಡ್ಕೊಳ್ಳೋದು ನೂರಕ್ಕೆ ಹದಿನೈದು, ಬ್ಯಾಂಡ್‌ಕ್ಯಾಂಪ್ ಫ್ರೈಡೇ ಅಂತ ಅವರು ಗೊತ್ತು ಮಾಡೋ ಕೆಲವು ಶುಕ್ರವಾರ ಅದೂ ಇಲ್ಲ. ಅಕೌಂಟ್ ಮಾಡೋಕೆ ಜೊತೆ ಕೂತ್ಕೊಳ್ತೀನಿ ಅಂತ ಹೇಳಿದೀನಿ.

ಈ ಕ್ಯಾಸೆಟ್ಟಲ್ಲಿ ಇರೋದೆಲ್ಲ ನಾನು ದುಡ್ಡು ಕೊಟ್ಟು ತಗೊಂಡಿರೋ ಫೈಲ್‌ಗಳು, ಅವಳದ್ದು ಅವಳೇ ಕೊಟ್ಟಿದ್ದು. ಒಂದೇ ಪ್ರತಿ, ಒಂದೇ ಮನೆಗೆ. ಬೇಕು ಅನ್ನೋರು ಮೇಲಿನ ಹೆಸರುಗಳನ್ನ ಹುಡುಕಿ ಹಾಡಿದೋರ ಹತ್ರಾನೇ ತಗೊಳ್ಳಿ.

ಬಿ ಸೈಡಲ್ಲಿ ಕೊನೆಗೆ ನಾಲ್ಕು ನಿಮಿಷದಷ್ಟು ಟೇಪ್ ಉಳಿದಿದೆ. ಅವಳು ಇನ್ನೊಂದು ಹಾಡಿಗೆ ಕೂತಿದಾಳೆ, ಪಲ್ಲವಿ ಕೇಳ್ಸಿದಾಳೆ, ಚರಣ ಇನ್ನೂ ಆಗ್ಬೇಕು. ಕ್ಯಾಸೆಟ್ಟಿನ ಹಿಂದಿನ ಪ್ಲಾಸ್ಟಿಕ್ ನಾಲಿಗೆ ಮುರಿದ್ರೆ ಮತ್ತೆ ರೆಕಾರ್ಡ್ ಆಗಲ್ಲ, ಹಾಗಾಗಿ ಅವಳ ಹಾಡು ಮುಗಿಯೋ ತನಕ ಅದನ್ನ ಮುರಿಯಲ್ಲ.