ನಾಲ್ಕು ಚಾನಲ್, ಒಂದೇ ಗೇನ್
ಸುತ್ತಲಿನ ಸದ್ದನ್ನು ದಿಕ್ಕಿನ ಸಮೇತ ಹಿಡಿಯುವ ಆಂಬಿಸೋನಿಕ್ ಮೈಕ್‌ಗೆ ಯಾವ ರೆಕಾರ್ಡರ್ ತಗೋಬೇಕು ಅಂತ ಕೇಳುವವರಿಗೆಲ್ಲ ನಾನು ತಿರುಗಿ ಕೇಳುವುದು ಒಂದೇ ಮಾತು: ನಾಲ್ಕು ಚಾನಲ್‌ಗಳ ಗೇನ್, ಅಂದ್ರೆ ಸದ್ದನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಮಟ್ಟ, ಅದರಲ್ಲಿ ಒಟ್ಟಿಗೆ ಲಿಂಕ್ ಆಗುತ್ತಾ? ಆಗದಿದ್ದರೆ ಬೇರೆ ನೋಡಿ.

ಸೆನ್‌ಹೈಸರ್ ಆಂಬಿಯೋ ಆಗಲಿ, ರೋಡ್ ಎನ್‌ಟಿ-ಎಸ್‌ಎಫ್1 ಆಗಲಿ, ಇಂಥ ಮೈಕ್‌ನ ಒಂದೇ ತಲೆಯಲ್ಲಿ ನಾಲ್ಕು ಕ್ಯಾಪ್ಸೂಲ್ (ಸದ್ದು ಹಿಡಿಯುವ ಪುಟ್ಟ ಮೈಕ್) ನಾಲ್ಕು ದಿಕ್ಕಿಗೆ ಮುಖ ಮಾಡಿ ಕೂತಿರುತ್ತವೆ. ಹಾಗೆ ಬರುವ ನಾಲ್ಕು ಹಸಿ ಸಿಗ್ನಲ್‌ಗಳೇ ಎ-ಫಾರ್ಮ್ಯಾಟ್. ಅವನ್ನು ಕೂಡಿಸಿ ಕಳೆದು ದಿಕ್ಕುಗಳ ಲೆಕ್ಕ ಇರುವ ಬಿ-ಫಾರ್ಮ್ಯಾಟ್ ಮಾಡುವುದು ಸಾಫ್ಟ್‌ವೇರ್ ಕೆಲಸ. ಈ ಕಳೆಯುವ ಲೆಕ್ಕದಲ್ಲೇ ಇರುವುದು ಕಷ್ಟ: ಒಂದು ಚಾನಲ್ ಒಂದೆರಡು ಡೆಸಿಬೆಲ್ ಮೇಲಿದ್ದರೂ ಎಡಗಡೆ ಕೂಗಿದ ಹಕ್ಕಿ ಎಲ್ಲೋ ಮೇಲೆ ಕೂತು ಕೂಗಿದ ಹಾಗೆ ಕೇಳಬಹುದು. ನಾಲ್ಕು ನಾಬ್‌ಗಳನ್ನು ಕಣ್ಣಳತೆಯಲ್ಲಿ ಸರಿಮಾಡಿಕೊಳ್ತೀನಿ ಅಂದ್ರೆ ಆಗುವ ಮಾತಲ್ಲ. ಜೂಮ್ ಎಫ್6, ಎಫ್8ಎನ್ ಎರಡೂ ರೆಕಾರ್ಡರ್‌ಗಳಲ್ಲಿ ಇದಕ್ಕೇ ಅಂತ ಆಂಬಿಸೋನಿಕ್ ಮೋಡ್ ಇದೆ. ಸೌಂಡ್ ಡಿವೈಸಸ್ ಕಂಪನಿಯದು ಬೇಕು ಅನ್ನುವವರು ಮಿಕ್ಸ್‌ಪ್ರೀ-6ಕ್ಕೇ ಹೋಗಿ, ಮಿಕ್ಸ್‌ಪ್ರೀ-3ರಲ್ಲಿ ಎಕ್ಸ್‌ಎಲ್‌ಆರ್ ಮೈಕ್ ಇನ್‌ಪುಟ್ ಮೂರೇ ಇರುವುದು.

32 ಬಿಟ್ ಫ್ಲೋಟ್ (ತೀರಾ ಮೆಲು, ತೀರಾ ಜೋರು ಸದ್ದು ಎರಡನ್ನೂ ಒಟ್ಟಿಗೆ ಹಿಡಿಯುವ ರೆಕಾರ್ಡಿಂಗ್ ಬಗೆ) ಬಗ್ಗೆ ಜನ ಜಾಸ್ತಿ ತಲೆ ಕೆಡಿಸಿಕೊಳ್ತಾರೆ. ಮೂಡಿಗೆರೆ ಕಡೆ ಬೆಳಗಿನ ಜಾವ ಸಿಲ್ವರ್ ಓಕ್ ಎಲೆಯಿಂದ ಇಬ್ಬನಿ ತೊಟ್ಟು ತೊಟ್ಟಾಗಿ ಕಾಫಿ ಗಿಡದ ಮೇಲೆ ಬೀಳುತ್ತಿರುತ್ತದೆ, ಕೆಳಗೆ ಹಳ್ಳದಲ್ಲಿ ಸಿಳ್ಳಾರ ಹಕ್ಕಿ ಆಗೊಮ್ಮೆ ಈಗೊಮ್ಮೆ ಸಿಳ್ಳೆ ಹಾಕುತ್ತದೆ, ಅಷ್ಟರಲ್ಲಿ ಮೈಕ್ ಪಕ್ಕದ ಮರದಲ್ಲೇ ಜೀರುಂಡೆ ಶುರುವಾಗಿಬಿಡುತ್ತದೆ. ಆಗ ಫ್ಲೋಟ್ ಇದ್ದರೆ ಜೋರು ಸದ್ದಿಗೆ ಕ್ಲಿಪ್ ಆಗಿ ಒಡೆಯುವ ಭಯ ಕಮ್ಮಿ, ನಿಜ. ಆದ್ರೆ ಹಿಸ್ (ಹಿನ್ನೆಲೆಯಲ್ಲಿ ಸುಯ್ಯೆನ್ನುವ ಸದ್ದು) ಅದರಿಂದ ಕಮ್ಮಿ ಆಗಲ್ಲ. ಆಂಬಿಯೋದ ಸ್ವಂತ ಸದ್ದೇ 18 ಡೆಸಿಬೆಲ್, ಅದು ಯಾವ ರೆಕಾರ್ಡರ್‌ಗೆ ಹಾಕಿದರೂ ಇದ್ದೇ ಇರುತ್ತದೆ. ಅದಕ್ಕೆ ಆ ಮೈಕ್ ಇಟ್ಟುಕೊಂಡು ರೆಕಾರ್ಡರ್‌ನಲ್ಲಿ ಮೈಕ್ ಸದ್ದು ಹಿಗ್ಗಿಸುವ ಪ್ರೀಆಂಪ್‌ಗೆ ಅಂತ ಎರಡು ಪಟ್ಟು ದುಡ್ಡು ಸುರಿಯುವುದು ನನಗೆ ಸರಿ ಅನ್ನಿಸಲ್ಲ.

ಜೂಮ್ ಎಚ್3-ವಿಆರ್ ಬಗ್ಗೆಯೂ ಕೇಳ್ತಾರೆ. ಮೈಕ್, ರೆಕಾರ್ಡರ್ ಎರಡೂ ಅದರಲ್ಲೇ ಇದೆ. ಬೇಲೂರು ತೇರಿನ ಗದ್ದಲಕ್ಕೆ ಧಾರಾಳ ಸಾಕು, ಕಾಡಿನ ಮೌನಕ್ಕೆ ಬೇಡ.

ಇನ್ನು ಪವರ್. ನಾಲ್ಕು ಕ್ಯಾಪ್ಸೂಲ್‌ಗೂ 48 ವೋಲ್ಟ್ ಫ್ಯಾಂಟಮ್ (ರೆಕಾರ್ಡರ್‌ನಿಂದ ಮೈಕ್ ಕೇಬಲ್‌ನಲ್ಲೇ ಹೋಗುವ ಪವರ್) ಕೊಡಬೇಕಲ್ವಾ, ಎಫ್6ಗೆ ಹಾಕುವ ನಾಲ್ಕು ಎಎ ಸೆಲ್ ಬೇಗ ಕೈಕೊಡುತ್ತವೆ. ಸೋನಿ ಎನ್‌ಪಿ-ಎಫ್ ಥರದ ಬ್ಯಾಟರಿ ಹಾಕಿ, ಯುಎಸ್‌ಬಿ-ಸಿಗೆ ಪವರ್ ಬ್ಯಾಂಕ್ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ನಂಬಿಕೊಂಡು ಚಾರ್ಜಿಗೆ ಹಾಕಿದವರ ಪಾಡು ಗೊತ್ತಲ್ಲ! ಕಾರ್ಡ್ ಚಿಂತೆ ಬೇಡ, 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ನಾಲ್ಕು ಚಾನಲ್ ಸೇರಿ ಗಂಟೆಗೆ ಸುಮಾರು 2 ಜಿಬಿ ಅಷ್ಟೇ.

ನನ್ನ ಓಟು ಎಫ್6ಗೆ. ಉಳಿದ ದುಡ್ಡಲ್ಲಿ ಮೈಕ್‌ಗೆ ಒಳ್ಳೆ ತುಪ್ಪಳದ ವಿಂಡ್‌ಶೀಲ್ಡ್ ತಗೊಳ್ಳಿ. ಜೂನ್‌ನಲ್ಲಿ ಮುಳ್ಳಯ್ಯನಗಿರಿ ಹತ್ತಿದರೆ ಅದಿಲ್ಲದೆ ಗಾಳಿ ಬಿಟ್ಟು ಬೇರೇನೂ ರೆಕಾರ್ಡ್ ಆಗಲ್ಲ.