ಎಚ್‌ಪಿ ಹೆಚ್ಚಿಸಿದರೆ ಪ್ರೆಶರ್ ಹೆಚ್ಚುತ್ತದೆಯೇ?

ಕೋಲಾರದಲ್ಲಿ ಮೋಟರ್ ರೀವೈಂಡಿಂಗ್ ಅಂಗಡಿ ಇಟ್ಟುಕೊಂಡವನಿಗೆ ಈ ಪ್ರಶ್ನೆಯಿಂದ ಬಿಡುಗಡೆಯಿಲ್ಲ. ಟೊಮೆಟೊ ಬೆಳೆಯುವವರು, ಹಿಪ್ಪುನೇರಳೆ ತೋಟದವರು, ಎಲ್ಲರದೂ ಒಂದೇ ದೂರು: "ಡ್ರಿಪ್‌ನ ಕೊನೆಯ ಸಾಲಿಗೆ ನೀರು ಹೋಗುತ್ತಿಲ್ಲ ಅಣ್ಣ, ಏಳೂವರೆ ತೆಗೆದು ಹತ್ತು ಎಚ್‌ಪಿ ಹಾಕಿಬಿಡಲೇ?"

ಬೇಡ ಎನ್ನುತ್ತೇನೆ. ಕೇಳಿದವರ ಮುಖ ಸಪ್ಪಗಾಗುತ್ತದೆ.

ಪ್ರೆಶರ್, ಅಂದರೆ ಒತ್ತಡ, ಇಷ್ಟು ಜಾಗದ ಮೇಲೆ ಇಷ್ಟು ಬಲ ಬೀಳುತ್ತಿದೆ ಎಂಬ ಲೆಕ್ಕ. ಎಚ್‌ಪಿ ಹೇಳುವುದು ಸಾಮರ್ಥ್ಯವನ್ನು, ಒಂದು ಸೆಕೆಂಡಿನಲ್ಲಿ ಎಷ್ಟು ಕೆಲಸ ನಡೆಯುತ್ತದೆ ಎಂಬುದನ್ನು. ಮೊದಲನೆಯದರ ಅಳತೆ ಪ್ಯಾಸ್ಕಲ್, ಎರಡನೆಯದರದು ವ್ಯಾಟ್. ಒಂದು ಎಚ್‌ಪಿ ಸುಮಾರು 746 ವ್ಯಾಟ್. ಇವೆರಡರಲ್ಲಿ ಯಾವುದು ದೊಡ್ಡದು ಎಂದು ಕೇಳುವುದಕ್ಕೇ ಬರುವುದಿಲ್ಲ. ಇವುಗಳಿಗೆ ನಂಟು ಹಾಕುವುದು ಹರಿವು. ಒತ್ತಡವನ್ನು ಸೆಕೆಂಡಿಗೆ ಹರಿಯುವ ನೀರಿನ ಗಾತ್ರದಿಂದ ಗುಣಿಸಿದರೆ ಆ ನೀರಿಗೆ ಸಂದ ಸಾಮರ್ಥ್ಯ ಸಿಗುತ್ತದೆ.

ನಮ್ಮ ಬೋರ್‌ವೆಲ್‌ಗಳ ಲೆಕ್ಕವನ್ನೇ ಹಿಡಿಯೋಣ. ಹತ್ತು ಮೀಟರ್ ಎತ್ತರದ ನೀರು ತಳದಲ್ಲಿ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಕೆ.ಜಿ. ಒತ್ತಡ ಹಾಕುತ್ತದೆ. ಸಾವಿರ ಅಡಿ ಎಂದರೆ 305 ಮೀಟರ್, ಅಂದರೆ 30 ಕೆ.ಜಿ. ಒತ್ತಡ, ಪ್ಯಾಸ್ಕಲ್‌ನಲ್ಲಿ ಸುಮಾರು 30 ಲಕ್ಷ. ಅಷ್ಟು ಆಳದಿಂದ ಸೆಕೆಂಡಿಗೆ ಒಂದು ಲೀಟರ್ ನೀರು ಎತ್ತಲು 3,000 ವ್ಯಾಟ್, ಅಂದರೆ ನಾಲ್ಕು ಎಚ್‌ಪಿ ಸಾಕು. ಆದರೆ ಪಂಪಿನೊಳಗಿನ ನಷ್ಟ, ಪೈಪಿನ ಘರ್ಷಣೆ ಎಲ್ಲ ಕಳೆಯಬೇಕಲ್ಲ, ಅದಕ್ಕೇ ಏಳೂವರೆಯೋ ಹತ್ತೋ ಇಳಿಸುವುದು. ಇಲ್ಲಿ ಲೆಕ್ಕಕ್ಕೆ ಬರುವ ಆಳ ಬೋರ್ ಕೊರೆಸಿದ ಆಳವಲ್ಲ, ಮೋಟರ್ ಓಡುತ್ತಿರುವಾಗ ನೀರು ನಿಲ್ಲುವ ಮಟ್ಟ. 1,400 ಅಡಿ ಕೊರೆಸಿದ್ದೇನೆ ಎಂದು ಹೆಮ್ಮೆಯಿಂದ ಹೇಳುವವರಿಗೆ ಈ ಮಟ್ಟ ಎಷ್ಟೆಂದು ಕೇಳಿದರೆ ಗೊತ್ತಿರುವುದಿಲ್ಲ.

ಈಗ ಹತ್ತು ಎಚ್‌ಪಿ ವಿಷಯ. ಪಂಪ್ ಹಳೆಯದನ್ನೇ ಇಟ್ಟು ಮೋಟರ್ ಮಾತ್ರ ದೊಡ್ಡದು ಮಾಡಿದರೆ ಗೇಜಿನ ಮುಳ್ಳು ಕದಲುವುದೇ ಇಲ್ಲ ಎನ್ನಬಹುದು. ಈ ಮೋಟರ್‌ಗಳು ಏಳೂವರೆಯಾಗಲಿ ಹತ್ತಾಗಲಿ ನಿಮಿಷಕ್ಕೆ 2,900ರ ಆಸುಪಾಸಿನಲ್ಲೇ ಸುತ್ತುತ್ತವೆ. ಒತ್ತಡ ತೀರ್ಮಾನವಾಗುವುದು ಆ ವೇಗ, ಇಂಪೆಲ್ಲರ್‌ನ (ಪಂಪಿನೊಳಗೆ ನೀರನ್ನು ತಳ್ಳುವ ಚಕ್ರದ) ವ್ಯಾಸ, ಎಷ್ಟು ಸ್ಟೇಜ್, ಅಂದರೆ ಅಂಥ ಎಷ್ಟು ಚಕ್ರ ಒಂದರ ಮೇಲೊಂದು ಜೋಡಿಸಿದೆ ಎಂಬುದರಿಂದ. ಪಂಪ್ ಕೇಳಿದಷ್ಟನ್ನು ಮಾತ್ರ ಮೋಟರ್ ಕೊಡುತ್ತದೆ. ಒಂದೇ ಎಚ್‌ಪಿಯಲ್ಲಿ ಸ್ಟೇಜ್ ಹೆಚ್ಚಿರುವ ಪಂಪ್ ಕಡಿಮೆ ನೀರನ್ನು ಎತ್ತರಕ್ಕೆ ಏರಿಸುತ್ತದೆ, ಸ್ಟೇಜ್ ಕಡಿಮೆ ಇರುವುದು ಹೆಚ್ಚು ನೀರನ್ನು ಕಡಿಮೆ ಎತ್ತರಕ್ಕೆ ತರುತ್ತದೆ.

ನಂಬದವರಿಗೆ ತೋಟದಲ್ಲೇ ತೋರಿಸುತ್ತೇನೆ. ಮೋಟರ್ ಓಡುತ್ತಿರುವಾಗ ಗೇಟ್ ವಾಲ್ವನ್ನು ನಿಧಾನವಾಗಿ ಮುಚ್ಚುತ್ತಾ ಬಂದರೆ ಗೇಜಿನ ಮುಳ್ಳು ಏರುತ್ತದೆ, ಅದೇ ಹೊತ್ತಿಗೆ ಪ್ಯಾನಲ್ ಬೋರ್ಡಿನ ಆಂಪಿಯರ್ ಮೀಟರ್ ಸಾಮಾನ್ಯವಾಗಿ ಇಳಿಯುತ್ತದೆ. ಪೂರ್ತಿ ಮುಚ್ಚಿದಾಗ ಒತ್ತಡ ಪರಮಾವಧಿ, ನೀರಿಗೆ ಸಿಗುವ ಸಾಮರ್ಥ್ಯ ಸೊನ್ನೆ. (ಹಾಗೇ ಬಿಡಬೇಡಿ, ಹರಿಯುವ ನೀರೇ ಮೋಟರನ್ನು ತಣ್ಣಗಿಡುವುದು. ಸುಟ್ಟರೆ ಬರುವುದು ನಮ್ಮ ಅಂಗಡಿಗೇ, ನಷ್ಟ ನಿಮಗೆ.)

ಇದಕ್ಕಿಂತ ದೊಡ್ಡ ನಿದರ್ಶನ ಕೆಜಿಎಫ್‌ನಲ್ಲಿದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಗಣಿಗೆ ವಿದ್ಯುತ್ ಬಂತು. ಎತ್ತರದಿಂದ ಬರುವ ಕಾವೇರಿಯ ಒತ್ತಡ ಜೊತೆಗೆ ಹರಿವು, ಎರಡೂ ಸೇರಿ ಆದ ಸಾಮರ್ಥ್ಯವದು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಸುರಂಗಗಳಿಗೆ ನೀರು ತುಂಬಿಕೊಂಡಿತು. ಅಲ್ಲಿ ಸಾವಿರ ಮೀಟರ್ ನೀರು ನಿಂತಿದ್ದರೆ ತಳದಲ್ಲಿ ನೂರು ಕೆ.ಜಿ. ಒತ್ತಡ. ಹರಿಯದ ಆ ನೀರಿನಿಂದ ಒಂದು ಬಲ್ಬೂ ಉರಿಯದು.

ಹಾಗಾದರೆ ಕೊನೆಯ ಸಾಲಿಗೆ ನೀರು ಹೋಗುವುದು ಹೇಗೆ? ಮೊದಲು ಫಿಲ್ಟರ್ ನೋಡಿ. ಅದರ ಎರಡೂ ಬದಿಯ ಗೇಜ್‌ಗಳ ನಡುವೆ ಅರ್ಧ ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಜಾಲರಿ ಬಿಚ್ಚಿ ತೊಳೆಯಿರಿ. ಆಮೇಲೆ ಇಡೀ ತೋಟಕ್ಕೆ ಒಂದೇ ಸಲ ಬಿಡುವುದನ್ನು ನಿಲ್ಲಿಸಿ, ವಾಲ್ವ್ ಹಾಕಿ ಎರಡು ಮೂರು ಭಾಗ ಮಾಡಿ. ಅದೇ ಪಂಪಿನಲ್ಲಿ ಒಂದೊಂದು ಭಾಗಕ್ಕೂ ಬೇಕಾದ ಒಂದು ಕೆ.ಜಿ. ಸಿಕ್ಕೀತು. ಅದಾದ ಮೇಲೂ ಸಾಲದಿದ್ದರೆ ನೀರಿನ ಮಟ್ಟ, ಎಷ್ಟು ಇಂಚು ನೀರು, ಪೈಪಿನ ಉದ್ದ, ಪಂಪಿನ ಸ್ಟೇಜ್ ಇಷ್ಟನ್ನು ಚೀಟಿಯಲ್ಲಿ ಬರೆದು ತನ್ನಿ. ಎಚ್‌ಪಿ ಎಷ್ಟೆಂದು ನಾನು ಹೇಳುತ್ತೇನೆ.