ಶಿವರಾತ್ರಿಗೆ ಒಪ್ಪದ ಒಂದು ಸೂಕ್ತಿ

‘ತನಗೆ ತಾನು ನೆರವಾಗುವವನಿಗೆ ದೇವರೂ ನೆರವಾಗುತ್ತಾನೆ’ ಎಂಬ ಮಾತು ಈಗ ಮಹಾಶಿವರಾತ್ರಿಯ ಶುಭಾಶಯಗಳ ಜೊತೆಗೂ ಮೊಬೈಲಿಗೆ ಬಂದು ಬೀಳುತ್ತದೆ. ಅದು ಗೀತೆಯಲ್ಲೂ ಇಲ್ಲ, ಬೈಬಲ್ಲಿನಲ್ಲೂ ಇಲ್ಲ. ಕೆಸರಿನಲ್ಲಿ ಗಾಡಿ ಹೂತವನ ಈಸೋಪನ ಕಥೆಯಲ್ಲಿ ಅದರ ಭಾವವಿದೆ; ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1736ರ ತಮ್ಮ ಪಂಚಾಂಗದಲ್ಲಿ ಅದನ್ನು ಅಚ್ಚು ಹಾಕಿಸಿದ್ದರು. ಸೋಮಾರಿಯನ್ನು ಎಬ್ಬಿಸುವುದಕ್ಕೆ ಆ ಮಾತು ಆದೀತು. ಆದರೆ ದೇವರ ಸ್ವಭಾವವೇ ಹಾಗೆ ಎಂದು ಒಪ್ಪಲು ನನ್ನ ಮನಸ್ಸು ಬಾರದು.

ನಮ್ಮ ಗೋಕರ್ಣದ ಸ್ಥಳಪುರಾಣವನ್ನೇ ನೋಡಿ. ಸ್ವಪ್ರಯತ್ನದಲ್ಲಿ ರಾವಣನನ್ನು ಮೀರಿಸಿದವರು ಯಾರಿದ್ದಾರೆ? ಘೋರ ತಪಸ್ಸಿನಿಂದ ಆತ್ಮಲಿಂಗವನ್ನು ಪಡೆದ ಅವನು, ಸಂಧ್ಯಾವಂದನೆಯ ಹೊತ್ತಿನಲ್ಲಿ ವಟುರೂಪದ ಗಣಪತಿ ಅದನ್ನು ನೆಲಕ್ಕಿಟ್ಟ ಮೇಲೆ, ತನ್ನ ಇಪ್ಪತ್ತು ತೋಳುಗಳ ಬಲವನ್ನೆಲ್ಲ ಹಾಕಿ ಎಳೆದರೂ ಲಿಂಗ ಮೇಲೇಳಲಿಲ್ಲ. ಸಿಟ್ಟಿನಿಂದ ಅವನೆಸೆದ ಕರಡಿಗೆ, ಮುಚ್ಚಳ, ದಾರ, ವಸ್ತ್ರಗಳು ಬಿದ್ದ ತಾಣಗಳೇ ಸಜ್ಜೇಶ್ವರ, ಗುಣವಂತೇಶ್ವರ, ಧಾರೇಶ್ವರ, ಮುರುಡೇಶ್ವರಗಳೆಂದು ಕರಾವಳಿಯ ಜನ ನಂಬಿ ನಡೆದುಕೊಳ್ಳುತ್ತಾರೆ.

ಆ ಲಿಂಗವೇ ನೆಲೆನಿಂತ ಗೋಕರ್ಣದ ಮಹಾಬಲೇಶ್ವರನ ಗರ್ಭಗುಡಿಯಲ್ಲಿ ಒಮ್ಮೆ, ಕೊರಳ ತುಂಬ ಮಣಿಸರ ಧರಿಸಿದ್ದ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರಿಗೆ ಬಗ್ಗಲಾಗುತ್ತಿರಲಿಲ್ಲ. ಹಿಂದಿದ್ದವರಿಬ್ಬರು ತೋಳು ಹಿಡಿದು ಕೂರಿಸಿದರು. ಬಿಲ್ವಪತ್ರೆ ಸರಿಸಿ, ಪೀಠದ ರಂಧ್ರದೊಳಗೆ ಕೈಯಿಳಿಸಿ, ನೀರಿನಲ್ಲಿ ತಡವುತ್ತ ತಡವುತ್ತ ಲಿಂಗದ ತುದಿ ಬೆರಳಿಗೆ ತಾಗಿದಾಗ ಅವರು ‘ಸಿಕ್ದ’ ಎಂದರು. ಅಷ್ಟೇ. ಇಪ್ಪತ್ತು ತೋಳಿಗೆ ದಕ್ಕದವನು ಇನ್ನೊಬ್ಬರ ಆಸರೆಯಲ್ಲಿ ಕುಳಿತವರಿಗೆ ದಕ್ಕಿದ್ದ.

ಪ್ರಯತ್ನ ಬೇಡವೆಂದು ಶಾಸ್ತ್ರ ಎಲ್ಲೂ ಹೇಳುವುದಿಲ್ಲ. ಭಾಗವತದ ಎಂಟನೆಯ ಸ್ಕಂಧದಲ್ಲಿ ಗಜೇಂದ್ರ ಮೊಸಳೆಯೊಡನೆ ಸಾವಿರ ವರ್ಷ ಸೆಣಸುತ್ತಾನೆ. ಆದರೆ ಶ್ರೀಹರಿ ಧಾವಿಸಿ ಬರುವುದು ಆ ಸೆಣಸಾಟಕ್ಕೆ ಕೂಲಿ ಕೊಡಲೆಂದಲ್ಲ. ಬಲವೆಲ್ಲ ಉಡುಗಿ, ಸೊಂಡಿಲಿನಲ್ಲೊಂದು ತಾವರೆ ಎತ್ತಿ ಮೊರೆಯಿಟ್ಟವನ ಕೂಗಿಗೆ. ದೀನಬಂಧು, ಅನಾಥನಾಥ ಎಂದು ದಿನವೂ ಕರೆಯುವ ನಾವು, ದೇವರ ನೆರವಿಗೆ ಮೊದಲು ಅರ್ಹತೆ ತೋರಿಸಬೇಕೆಂಬ ಷರತ್ತನ್ನು ಎಲ್ಲಿಂದ ತಂದೆವು?

ಈ ಸೂಕ್ತಿಯ ಪೆಟ್ಟು ಬೀಳುವುದು ಹಾಸಿಗೆ ಹಿಡಿದವರ ಮೇಲೆ, ಸಾಲದಲ್ಲಿ ಮುಳುಗಿದವರ ಮೇಲೆ. ನಿನ್ನ ಪಾಡಿಗೆ ನೀನೇ ಕಾರಣ, ದೇವರಾದರೂ ಏನು ಮಾಡಿಯಾನು ಎಂದೇ ಅದು ಅವರ ಕಿವಿಗೆ ಕೇಳಿಸುತ್ತದೆ. ಅಂಥ ಮನೆಗೆ ಈ ಶಿವರಾತ್ರಿಯಂದು ಆ ಸಂದೇಶವನ್ನು ಕಳಿಸದೆ, ಒಬ್ಬರಾದರೂ ಪ್ರಸಾದ ಹಿಡಿದು ಹೋಗಿ ಅವರ ಪಕ್ಕದಲ್ಲಿ ಕೂತು ಬರಬೇಕೆಂದು ಕೇಳಿಕೊಳ್ಳುತ್ತೇನೆ.